ಮುನಿಸಿಗೆ ಬೇಯದ ತಮಾಲೆ

ಅಟ್ಲಿಸ್ಕೊ, ಸಂತೆಬೀದಿ
ಜನವರಿ 22, 1983, ಶನಿವಾರ

ಪ್ರೀತಿಯ ತಂಗಿ ಕೂಕಾ,

ಹೇಗಿದ್ದೀಯೆ? ನಿನ್ನ ಮೊಣಕಾಲು ಹೇಗಿದೆ? ತಿಹ್ವಾನಾದ ಕಡಲಗಾಳಿ ಕೀಲುಗಳಿಗೆ ಎಣ್ಣೆ ಹಾಕಿದೆಯೋ ತುಕ್ಕು ಹಿಡಿಸಿದೆಯೋ ಬರೆದು ತಿಳಿಸು. ನಿನ್ನ ಮಗಳು ಆಂಪಾರೊ ಚೇತರಿಸಿಕೊಂಡಿದ್ದಾಳೆ ತಾನೆ? ಕೂಸಿಗೆ ನಮ್ಮಮ್ಮನ ಮೂಗು ಬಂದಿದೆಯೆಂದು ಕೇಳಿ ಸಂತೋಷವಾಯಿತು. ಆ ಮೂಗಿನ ತುದಿಯಲ್ಲಿ ಅಮ್ಮ ಇಟ್ಟುಕೊಂಡಿದ್ದ ಸಿಟ್ಟು ಮಾತ್ರ ನನ್ನ ಪಾಲಿಗೆ ಬಂದಿರುವುದರಿಂದ ಕೂಸು ಸುಖವಾಗಿರುತ್ತದೆ. ನಾನು ಆರೋಗ್ಯವಾಗಿದ್ದೇನೆ, ರಕ್ತದೊತ್ತಡವೊಂದನ್ನು ಬಿಟ್ಟು. ಅದಕ್ಕೆ ಕಾರಣ ಉಪ್ಪು ಎನ್ನುತ್ತಾನೆ ಡಾಕ್ಟರು; ಉಪ್ಪಲ್ಲ, ಸಂತೆಯ ಜನ.

ನಾಬೊರ್‌ನ ಈರುಳ್ಳಿ ಲಾರಿ ಇಂದು ಮಧ್ಯಾಹ್ನ ನಿಮ್ಮ ಕಡೆ ಹೊರಡುತ್ತದೆ. ಅವನ ಕೈಯಲ್ಲಿ ಈ ಕಾಗದ, ಒಂದು ಗಂಟು ಒಣಮೆಣಸಿನಕಾಯಿ, ಮೂವರು ಅರಸರ ಹಬ್ಬದ ರೋಸ್ಕಾ ರೊಟ್ಟಿಯಲ್ಲಿ ನಿನ್ನ ಪಾಲಿನ ತುಂಡು ಕಳಿಸುತ್ತಿದ್ದೇನೆ. ಅಪ್ಪ ಕಬ್ಬಿನ ಕಟಾವಿಗೆ ಹೋಗಿದ್ದಾಗೆಲ್ಲ ಅಮ್ಮ ಅವನ ಹೆಸರಲ್ಲಿ ಒಂದು ತುಂಡು ಕೊಯ್ದಿಡುತ್ತಿದ್ದಳಲ್ಲ, ಆ ಪದ್ಧತಿ ಬಿಡಲಾಗಲಿಲ್ಲ. ನಿನಗೆ ಇಷ್ಟವಾದ ಕೆಂಪು ಸಕ್ಕರೆಹಣ್ಣು ಇರುವ ಕಡೆಯೇ ನೋಡಿ ಕೊಯ್ದು, ನೀನೇ ಹೂ ಹೆಣೆದ ಕರವಸ್ತ್ರದಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಈಗ ಅದು ಕಲ್ಲಾಗಿದೆ. ಬಿಸಿ ಚಾಕಲೇಟಿನಲ್ಲಿ ಅದ್ದಿ ತಿನ್ನು. ಹಲ್ಲಿಗೆ ಸಿಗದಿದ್ದರೆ ಅಳಿಯನ ಮೇಲೆ ಎಸೆಯುವುದಕ್ಕಾದರೂ ಆದೀತು.

ಈ ರೋಸ್ಕಾದ ದೆಸೆಯಿಂದ ನಾನು ಎಷ್ಟು ರೋಸಿಹೋಗಿದ್ದೇನೆಂದರೆ, ಕೇಳು. ಪ್ರತಿವರ್ಷದಂತೆ ನಮ್ಮ ಅಂಗಡಿಸಾಲಿನವರೆಲ್ಲ ಸೇರಿ, ಮುಚ್ಚಿದ ನಿನ್ನ ತಮಾಲೆ ಅಂಗಡಿಯ ಮುಂದೆ ಮೇಜು ಹಾಕಿ ರೊಟ್ಟಿ ಕೊಯ್ದೆವು. ಎಲ್ಲರೂ ತಿಂದರು. ರೊಟ್ಟಿಯೊಳಗೆ ಹುದುಗಿಸಿಟ್ಟ ಬಾಲಯೇಸುವಿನ ಬೊಂಬೆ ಮಾತ್ರ ಬರಲಿಲ್ಲ. ಯಾರ ತುಂಡಿನಲ್ಲಿ ಬೊಂಬೆ ಸಿಕ್ಕುತ್ತದೋ ಅವರು ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬಕ್ಕೆ ಸಾಲಿಗೆಲ್ಲ ಮೆಕ್ಕೆಜೋಳದ ತಮಾಲೆ ಕಡುಬು ಉಣಿಸಬೇಕು. ಇದು ಅಜ್ಜಿಯ ಅಜ್ಜಿಯ ಕಾಲದ ಕಟ್ಟಳೆ. ನೀನಿದ್ದಾಗ ಬೊಂಬೆ ಸಿಕ್ಕವರು ಕುಣಿದಾಡುತ್ತಿದ್ದರು. ಏಕೆಂದರೆ ಅವರು ಜೋಳವನ್ನೂ ಹಂದಿಕೊಬ್ಬನ್ನೂ ತಂದು ನಿನ್ನ ಮುಂದಿಟ್ಟು ಮನೆಗೆ ಹೋಗಿ ಮಲಗುತ್ತಿದ್ದರು, ನಾದಿ ಕಟ್ಟಿ ಬೇಯಿಸುವವಳು ನೀನು. ನೀನಿಲ್ಲದ ವರ್ಷ ಹಿಟ್ಟು ಬಡಿಯಬೇಕಾದೀತೆಂದು ಯಾವನೋ ಪುಣ್ಯಾತ್ಮ ಬೊಂಬೆಯನ್ನೇ ನುಂಗಿಬಿಟ್ಟಿದ್ದಾನೆ.

ಬೇಕರಿಯ ಎವೋದಿಯೊ ಎದೆ ಮುಟ್ಟಿಕೊಂಡು, "ನಮ್ಮಮ್ಮನಾಣೆ ಮೇಷ್ಟ್ರೇ, ಈ ಕೈಯಾರೆ ಇಟ್ಟಿದೀನಿ," ಅಂದ. ಮೆಣಸಿನಕಾಯಿ ಮಾರುವ ತೊಮಾಸಾ ಗೊತ್ತಲ್ಲ, ಅವಳ ತಕ್ಕಡಿಯಲ್ಲಿ ಮೆಣಸು, ಮನಸು, ಮುನಿಸು ಮೂರೂ ಒಂದೇ ತೂಕ. ಕೋಳಿ ಮಾರುವ ಲಿಬ್ರಾದೊ ಅಗಿಯದೆ ನುಂಗುವವನೆಂದು ಅವನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಸ್ವಲ್ಪ ಬಗ್ಗಿ ನೋಡ್ಕೊಳಪ್ಪ," ಅಂದಳು. ಅವನೇನು ಕಡಿಮೆಯೆ? "ನಿನ್ ಬಾಯಲ್ಲಿ ಬೊಂಬೆ ಇದ್ದಿದ್ರೆ ಒಂದ್ ಗಳಿಗೆಯಾದ್ರೂ ಸುಮ್ನಿರ್ತಿದ್ದೆ ತೊಮಾಸಕ್ಕಾ. ನೀನಂತೂ ಅಲ್ಲ ಬಿಡು," ಅಂದ. ಜಗಳ ಹತ್ತಿಕೊಂಡಿತು. ನಾನು ಮೂವತ್ತು ವರ್ಷ ಮಕ್ಕಳಿಂದ ಗೋಲಿ ಬುಗುರಿ ಕಿತ್ತುಕೊಂಡವನು, ಇದನ್ನು ಬಿಡುವುದುಂಟೆ? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದೆ, ಒಬ್ಬೊಬ್ಬರ ಜೇಬನ್ನೂ ತಡಕಿದೆ. ಕಟ್ಟಳೆಗೆ ಮರ್ಯಾದೆ ಇಲ್ಲದ ಸಂತೆಯಲ್ಲಿ ದೇವರ ಕೂಸಿಗೂ ಜಾಗವಿಲ್ಲವೆಂದು ಒಂದು ಭಾಷಣವನ್ನೂ ಮಾಡಿದೆ. ಅಂದಿನಿಂದ ಸಾಲಿನಲ್ಲಿ ಯಾರೂ ಯಾರಿಗೂ ಚಿಲ್ಲರೆ ಕೊಡುತ್ತಿಲ್ಲ. ನನಗೆ ನಮಸ್ಕಾರವನ್ನೂ ಕೊಡುತ್ತಿಲ್ಲ.

ಆದರೂ ಹಬ್ಬ ನಿಲ್ಲಬಾರದಲ್ಲ? ಎಲ್ಲರೂ ಕೈಹಾಕಿ ಮಾಡೋಣ, ಮೊದಲು ಒಂದು ಸಲ ಮಾಡಿ ನೋಡೋಣ ಎಂದು ಕಳೆದ ಭಾನುವಾರ ನಿನ್ನ ಅಂಗಡಿಯ ಬೀಗ ತೆಗೆಸಿ ದೊಡ್ಡ ಪಾತ್ರೆ ಒಲೆಗೇರಿಸಿದೆ. ಹಿಟ್ಟಿನುಂಡೆ ನೀರಲ್ಲಿ ತೇಲುವವರೆಗೆ ಬಡಿಯಬೇಕು ಎನ್ನುತ್ತಿದ್ದೆಯಲ್ಲ. ನಮ್ಮದು ತಳ ಸೇರಿ, ತಾನು ಕಲ್ಲೆಂದೇ ನಂಬಿ ಕುಳಿತಿತು. ಲಿಬ್ರಾದೊ ಕೋಳಿಯ ಬಗ್ಗೆ ಮಾತೆತ್ತಿದರೆ ತೊಮಾಸಾ ಗೊಜ್ಜಿನ ಬಟ್ಟಲು ಕುಕ್ಕುತ್ತಿದ್ದಳು. ಹೇಗೋ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಗಿಟ್ಟೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಸೌದೆ ಉರಿಯಿತು. ಬಿಚ್ಚಿದರೆ ಹಸಿ ಹಿಟ್ಟು. ತಮಾಲೆ ಬೇಯಲಿಲ್ಲ, ಬೆಂದವನು ನಾನೊಬ್ಬನೇ.

ಆಗ ತೊಮಾಸಾ ನಿನ್ನ ಮಾತು ತೆಗೆದಳು. ಪಾತ್ರೆಯ ಸುತ್ತ ಸಿಟ್ಟಿನವರಿದ್ದರೆ ತಮಾಲೆ ಬೇಯುವುದಿಲ್ಲ, ಕೂಕಾ ಬಾಗಿಲಲ್ಲೇ ನಿಂತು "ಸಿಟ್ಟಿದ್ದವ್ರು ಹೊರಗೆ, ಹಸಿದವ್ರು ಒಳಗೆ" ಅನ್ನುತ್ತಿದ್ದಳು ಎಂದು. ಎಲ್ಲರೂ ನನ್ನನ್ನೇ ನೋಡಿದರು. ಮುನಿಸು ತಾಕದಿರಲೆಂದು ಪಾತ್ರೆಯ ಕಿವಿಗೆ ಜೋಳದ ಸಿಪ್ಪೆ ಕಟ್ಟಿದರು. ಅದೂ ಸಾಲದೆ, ಸಿಟ್ಟು ಮಾಡಿಕೊಂಡವನು ಪಾತ್ರೆಯ ಸುತ್ತ ಕುಣಿದರೆ ದೋಷ ಹೋಗುತ್ತದಂತೆ. "ಕುಣೀರಿ ಮೇಷ್ಟ್ರೇ," ಅಂದ ಲಿಬ್ರಾದೊ, ನನ್ನ ಕೈಯಲ್ಲಿ ಎಷ್ಟೋ ಸಲ ಕಿವಿ ಹಿಂಡಿಸಿಕೊಂಡವನು. ಕೂಕಾ, ನಾನು ಕುಣಿದೆ. ಈ ವಯಸ್ಸಿನಲ್ಲಿ, ಟೋಪಿ ತೆಗೆದಿಟ್ಟು. ಸಿಟ್ಟಿನಲ್ಲೇ ಕುಣಿದೆನೋ ಏನೋ, ಹಿಟ್ಟು ಹಸಿಯಾಗಿಯೇ ಉಳಿಯಿತು. ಎಲ್ಲವೂ ಎವೋದಿಯೊನ ಹಂದಿಗೆ ಹೋಯಿತು. ಹಂದಿಯೂ ಯೋಚಿಸಿ ತಿಂದಿತು.

ನಿಜವಾದ ಕೋಪ ಇದಲ್ಲ. ಪಾತ್ರೆ ತೊಳೆಯುವಾಗ ತೊಮಾಸಾ ಮೆತ್ತಗೆ, "ಕೂಕಾ ಇನ್ನು ಬರಲ್ಲ ಬಿಡಿ ಮೇಷ್ಟ್ರೇ. ಅಲ್ಲೇ ಒಂದು ಕೋಣೆ ಮಾಡಿಕೊಟ್ಟಿದಾರಂತೆ, ಆಂಪಾರೊ ನಂಗೆ ಬರೆದಿದ್ಲು," ಅಂದಳು. ಅಣ್ಣನಿಗೆ ಗೊತ್ತಿಲ್ಲದ ಸುದ್ದಿ ಮೆಣಸಿನಕಾಯಿಯವಳಿಗೆ! ಮರುದಿನವೇ ಅವಳ ಮೂಟೆಗಳು ನಿನ್ನ ಅಂಗಡಿಯ ಕಟ್ಟೆ ಏರಿದವು, ಲಿಬ್ರಾದೊ ಅಲ್ಲಿ ಕೋಳಿಗೂಡು ಹಿಡಿಯುತ್ತದೆಯೇ ಎಂದು ಗೇಣು ಹಾಕಿ ನೋಡುತ್ತಿದ್ದ. ಬಾಣಂತನ ಮುಗಿಸಿ ಕ್ರಿಸ್‌ಮಸ್‌ಗೆ ಬರುತ್ತೇನೆಂದು ಹೋದವಳು ನೀನು. ಈ ವಯಸ್ಸಿನಲ್ಲಿ ಹಬೆಯ ಮುಂದೆ ಯಾಕೆ ನಿಲ್ಲಬೇಕು ಎಂದನಂತೆ ನಿನ್ನ ಅಳಿಯ. ಬಟ್ಟೆ ಅಳೆಯುವ ಅಳಿಯನಿಗೆ ಎಲ್ಲವೂ ಮೊಳದ ಲೆಕ್ಕ. ಆ ಹಬೆಯ ಮುಂದೆ ನಿಂತೇ ಅವನ ಹೆಂಡತಿಯನ್ನು ನೀನು ಓದಿಸಿದ್ದು ಅವನ ಟೇಪಿಗೆ ಸಿಕ್ಕುವುದಿಲ್ಲ. ನಿನಗೆ ಅಲ್ಲಿ ಸುಖವಿದ್ದರೆ ಇರು, ನಾನು ಬಾ ಎನ್ನುವುದಿಲ್ಲ. ಆ ಮಾತನ್ನು ನೀನೇ ನನಗೆ ಬರೆಯಬೇಕಿತ್ತು, ಅಷ್ಟೆ.

ಕೂಸಿನ ಹಣೆಗೆ ನನ್ನ ಹೆಸರಲ್ಲಿ ಒಂದು ಶಿಲುಬೆ ಗುರುತು ಬರೆ. ಆಂಪಾರೊಗೆ ಆಶೀರ್ವಾದ. ಅಳಿಯನಿಗೂ ಇರಲಿ, ಅಳತೆ ನೋಡಿ ಕೊಡು. ಕನ್ಯಾಮಾತೆ ನಿಮ್ಮನ್ನೆಲ್ಲ ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ.

ಇಂತು, ಕೋಪದಲ್ಲಿಯೂ ನಿನ್ನ
ಅಣ್ಣ ಅನ್ಸೆಲ್ಮೊ

ಮರೆತ ಮಾತು: ನಾಬೊರ್ ಹೊರಗೆ ಹಾರನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಟ್ಟಿಕೊಡಲೆಂದು ಡಬ್ಬಿ ತೆಗೆದೆ. ನಿನ್ನ ತುಂಡಿಗೆ ಇರುವೆ ಹತ್ತಿತ್ತು. ಕೊಡವಲು ಮೇಜಿಗೆ ಕುಟ್ಟಿದೆ, ಎರಡಾಗಿ ಒಡೆಯಿತು. ಒಳಗಿನಿಂದ ಎರಡು ಪುಟ್ಟ ಪಾದ. ಕೂಕಾ, ಬೊಂಬೆ ನಿನ್ನ ಪಾಲಿನಲ್ಲಿತ್ತು. ಊರವರ ಜೇಬನ್ನೆಲ್ಲ ತಡಕಿದವನ ಮನೆಯ ಡಬ್ಬಿಯಲ್ಲೇ ಇಷ್ಟು ದಿನ ಮಲಗಿತ್ತು. ಈಗ ಹೋಗಿ ಸಾಲಿನವರ ಮುಂದೆಲ್ಲ ಟೋಪಿ ತೆಗೆಯಬೇಕು. ಈ ಸಲ ಕುಣಿಯೆಂದರೆ ಮನಸಾರೆ ಕುಣಿಯುತ್ತೇನೆ. ರೊಟ್ಟಿ ಕಳಿಸಿದ್ದೇನೆ, ಬೊಂಬೆ ಕಳಿಸಿಲ್ಲ. ಅದನ್ನು ನಿನ್ನ ದೊಡ್ಡ ಪಾತ್ರೆಯೊಳಗೆ ಕೂರಿಸುತ್ತೇನೆ. ಕಟ್ಟಳೆ ನಿನಗೆ ನಾನು ಹೇಳಿಕೊಡಬೇಕಿಲ್ಲ. ಹಬ್ಬಕ್ಕೆ ಮೊದಲು ನಾಬೊರ್ ಖಾಲಿ ಲಾರಿಯಲ್ಲಿ ವಾಪಸಾಗುತ್ತಾನೆ, ಮುಂದಿನ ಸೀಟಿಗೆ ದಿಂಬು ಹಾಕಿಸಿದ್ದೇನೆ, ನಿನ್ನ ಮೊಣಕಾಲಿಗೆ. ನನಗೀಗ ಸಿಟ್ಟಿಲ್ಲ. ಹಸಿವಿದೆ.