ನಾನ್‌ಖಟಾಯಿ ದೆವ್ವಗಳು

ಖೂಬಾ ಪ್ಲಾಟ್, ಕಲಬುರಗಿ
೨ ನವೆಂಬರ್ ೨೦೨೫

ತಮ್ಮ ಕಪಿಲನಿಗೆ ಅಕ್ಕನ ಜೈ ಭೀಮ್.

ಹದಿನೈದು ದಿನದಿಂದ ಬರೆಯುತ್ತೇನೆ, ಬರೆಯುತ್ತೇನೆ ಎಂದವಳು ಇವತ್ತು ಕೂತಿದ್ದೇನೆ, ಬೈಯಬೇಡ. ಫೋನ್ ಹಚ್ಚಿದರೆ ನಿನ್ನ ಮಗಳು ನನ್ನ ತೋಳಿಗೆ ಅಂಟಿಕೊಂಡೇ ನಿಲ್ಲುತ್ತಾಳೆ. ಈಗ ಅವಳೆದುರು ಆಡಲಾಗದ ಮಾತೂ ಒಂದಿದೆ. ಕಮಲಾಪುರದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಬರೀ ಚಹಾದ ಮೇಲೇ ಇದ್ದೀಯೋ?

ಪ್ರಿಯದರ್ಶಿನಿ ಇಲ್ಲಿ ನನ್ನ ಹತ್ತಿರ ಆರಾಮಿದ್ದಾಳೆ. ಅವಳ ಅವ್ವ ತೀರಿಕೊಂಡು ಏಳು ತಿಂಗಳಾಯಿತು. "ಹೈದರಾಬಾದಿನ ದವಾಖಾನ್ಯಾಗ ಇದ್ದಾಳ" ಎಂದು ನೀನು ಹೇಳಿದ ಸುಳ್ಳನ್ನು ನಾನೂ ಕಾಪಾಡಿಕೊಂಡು ಬಂದಿದ್ದೇನೆ. ಎಂಟು ವರ್ಷದ ಕೂಸು ಒಮ್ಮೆಯೂ ಏನೂ ಕೇಳಿಲ್ಲ. ಕೇಳಿದರೆ ಏನು ಹೇಳಲಿ ಎಂದು ದಿನಾ ಉತ್ತರ ಹುಡುಕುತ್ತಿದ್ದೆ.

ಇಂಥದರಲ್ಲಿ ಅವಳ ಶಾಲೆಯವರಿಗೆ ಹ್ಯಾಲೋವೀನ್ ಎಂಬ ಪರದೇಶದ ದೆವ್ವದ ಹಬ್ಬ ಮಾಡುವ ಹುಕಿ ಬಂತು ನೋಡು. ಎಲ್ಲ ಮಕ್ಕಳೂ ದೆವ್ವದ ಬಿಸ್ಕೀಟು ತರಬೇಕಂತೆ! ದೆವ್ವ, ಸಾವು ಎಂಬ ಮಾತೇ ಬೇಡವೆಂದು ತಪ್ಪಿಸಲು ನೋಡಿದೆ. ಅವಳು ಕೇಳಬೇಕಲ್ಲ. ಗುರುವಾರ ಹಿಟ್ಟು, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ರೋಜಾ ಓಣಿಯ ಶಫಿ ಚಾಚಾನ ಬೇಕರಿ ಭಟ್ಟಿಗೆ ಹೋದೆವು. ನಮ್ಮ ಸಾಮಾನು ನಾವೇ ಒಯ್ದು ಬೇಯಿಸಿಕೊಂಡು ಬರುವುದು ಅವ್ವನ ಕಾಲದಿಂದಲೂ ಇದೆಯಲ್ಲ. ಚಾಚಾನ ಮೊಮ್ಮಗಳು ಮದಿಹಾನೂ ಜೊತೆಗೆ ಕೂತಳು.

ಹುಡುಗಿಯರು ದೆವ್ವಗಳಿಗೆ ಉದ್ದ ಬಾಲ, ಕೋರೆಹಲ್ಲು, ಲವಂಗದ ಕಣ್ಣು ಎಲ್ಲ ಮಾಡಿದರು. "ಸತ್ತವರೆಲ್ಲ ಹಿಂಗೇ ಆಗ್ತಾರಂತ" ಅಂದಳು ಮದಿಹಾ. ನಾನು ಮಾತು ಮರೆಸಲು ಲವಂಗ ಮುಂದಿಟ್ಟೆ. ನಿನ್ನ ಮಗಳು ತಲೆ ಎತ್ತದೆ, "ಎಲ್ಲಾರೂ ಆಗಂಗಿಲ್ಲ" ಎಂದು ಹೇಳಿ ಹಲ್ಲು ಅಂಟಿಸುತ್ತಾ ಕೂತಳು.

ಚಾಚಾ ಭಟ್ಟಿಯ ಬಾಗಿಲು ತೆಗೆದಾಗ ನೀನು ನೋಡಬೇಕಿತ್ತು ಕಪಿಲ. ಒಳಗೆಲ್ಲ ಕೆಂಡದ ಬೆಳಕು. ಉದ್ದ ಹಲಗೆಯ ಮೇಲೆ ಒಂದೊಂದೇ ತಟ್ಟೆ ಒಳಕ್ಕೆ ಹೋಗುತ್ತಿದ್ದರೆ ಇಬ್ಬರೂ ಬಾಯಿ ತೆರೆದು ನಿಂತಿದ್ದರು. ನಾನೂ ನಿಂತಿದ್ದೆ, ಮೂವತ್ತು ವರ್ಷದಿಂದ ಕಂಡ ಭಟ್ಟಿಯನ್ನು ಈಗಷ್ಟೇ ಕಂಡವಳ ಹಾಗೆ! ಆದರೆ ರೂಢಿಯಂತೆ ನಾನ್‌ಖಟಾಯಿ ಹದಕ್ಕೇ ಡಾಲ್ಡಾ ಸುರಿದುಬಿಟ್ಟಿದ್ದೆ. ಹೊರಗೆ ಬಂದಾಗ ಬಾಲವೂ ಇಲ್ಲ, ಕೋರೆಹಲ್ಲೂ ಇಲ್ಲ. ಎಲ್ಲ ಹರಡಿ, ಉಬ್ಬಿ, ದುಂಡಗೆ ನಗುತ್ತಿದ್ದವು. "ರಮಾಬಾಯಿ, ಇವು ದೆವ್ವ ಅಲ್ರೀ, ದಾವತ್ ಉಂಡು ಬಂದ ಬೀಗರು ಕಂಡಂಗ ಕಾಣಲಾಕತ್ತಾವ" ಅಂದರು ಚಾಚಾ. ಪ್ರಿಯದರ್ಶಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳು ತಿಂಗಳಿಂದ ನಾನು ಆ ನಗು ಕೇಳಿರಲಿಲ್ಲ.

ಒಂದು ಡಬ್ಬಿ ಕಳಿಸಿದ್ದೇನೆ, ತಿನ್ನು. ಮೈ ಕಡೆ ಲಕ್ಷ್ಯ ಇರಲಿ. ತಣ್ಣಗೆ ಬಾಳು ತಮ್ಮಾ.

ನಿನ್ನ ಅಕ್ಕ,
ರಮಾಬಾಯಿ

ತಾ.ಕ.: ಹೇಳಬೇಕಾದ್ದನ್ನು ಇನ್ನೂ ಹೇಳಿಲ್ಲ. ಭಟ್ಟಿಯಿಂದ ಬರುವಾಗ ಆಟೋದಲ್ಲಿ ಅವಳೇ ಮಾತು ತೆಗೆದಳು. "ಅತ್ತಿ, ಅವ್ವನ್ನ ಹೊತ್ಕೊಂಡು ಹೋಗಿದ್ದು ನಾ ನೋಡೀನಿ. ಭಾಗಮ್ಮನ ಮಾಳಗಿ ಮ್ಯಾಲ ನಿಂತಿದ್ದೆ." ಅವಳ ಕಣ್ಣಿಗೆ ಬೀಳಬಾರದೆಂದೇ ಅವತ್ತು ನಾವು ಅವಳನ್ನು ನೆರೆಮನೆಯ ಭಾಗಮ್ಮನ ಹತ್ತಿರ ಬಿಟ್ಟಿದ್ದೆವಲ್ಲ! ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಅಪ್ಪಗ ಹೇಳಬ್ಯಾಡ ಅತ್ತಿ. ನನಗ ಗೊತ್ತದ ಅಂತ ತಿಳಿದ್ರ ಅಂವ ಭಾಳ ಅಳ್ತಾನ" ಅಂದಳು. ಹೇಳುವುದಿಲ್ಲ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದೆ, ಈಗ ಮುರಿದಿದ್ದೇನೆ. ಬಾ ಕಪಿಲ, ನಿನ್ನ ಮಗಳ ಎದುರು ಕೂತು ಒಮ್ಮೆ ಅತ್ತುಬಿಡು.