ರಾಳದೊಳಗೆ ಉಳಿದ ಕೂದಲು

ಕಿಮ್ರಿ,
೧೦ ನವೆಂಬರ್ ೧೯೮೬

ನನ್ನ ಮುದ್ದಿನ ಲೀದಾ,

ಕೆಮ್ಮು ಹೇಗಿದೆ? ಮುರ್ಮಾನ್ಸ್ಕ್‌ನ ಆ ಚಳಿಯಲ್ಲಿ ತಲೆಗೇನೂ ಕಟ್ಟಿಕೊಳ್ಳದೆ ಆಸ್ಪತ್ರೆಗೆ ಓಡುತ್ತೀಯಂತೆ. ಊರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನಿಗೆ ಬುದ್ಧಿ ಹೇಳುವವರು ಯಾರು? ರಾಸ್ಪ್‌ಬೆರಿ ಜಾಮ್ ಕಳಿಸಿದ್ದೇನೆ, ಬಿಸಿ ಚಹಾದ ಜೊತೆ ತಿನ್ನು, ಗೆಳತಿಯರಿಗೆ ಹಂಚಿಯೇ ಮುಗಿಸಬೇಡ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ.

ನೀನು ಕೇಳಿದ್ದಕ್ಕೆ ಉತ್ತರಿಸಲು ತಡವಾಯಿತು, ಬೈದುಕೊಳ್ಳಬೇಡ. ಮಾರ್ಚ್‌ನಲ್ಲಿ ಮೀನು ಹಿಡಿಯಲು ಹೋದ ನಿನ್ನಪ್ಪ ವೋಲ್ಗಾದ ಮಂಜುಗಡ್ಡೆ ಒಡೆದು ಒಳಗೆ ಹೋದರು, ದೇಹವೂ ಸಿಗಲಿಲ್ಲ. ಸ್ಮಶಾನದಲ್ಲಿ ಬೇಲಿ ಹಾಕಿಸಿ ಹೆಸರು ಕೆತ್ತಿಸಿದ್ದಾಯಿತು, ಒಳಗಿರುವುದು ಬರೀ ಮಣ್ಣು. ಲ್ಯಾಬಿನಲ್ಲಿ ಸಿಕ್ಕಿಕೊಂಡಿರುವ ಅವರ ಗಡ್ಡದ ಕೂದಲನ್ನಾದರೂ ಅಲ್ಲಿಡೋಣ ಎಂದು ನೀನು ಬರೆದಿದ್ದೆ. "ಅಪ್ಪಂದು ಅಂತ ಏನಾದ್ರೂ ಒಂದು ಅಲ್ಲಿರ್ಲಿ ಅಮ್ಮಾ" ಎಂದು ಹೊರಡುವಾಗಲೂ ಅತ್ತಿದ್ದೆ.

ಉಲ್ಕೆಯ ಹರಳನ್ನು ಅಂಟುರಾಳದಲ್ಲಿ ಕೂರಿಸುವಾಗ ಉದುರಿ ರಾಳದೊಳಗೇ ಉಳಿದ ಕೂದಲು ಅದು. ನಾನು ರೇಗಿದರೆ ಅವರು ನಕ್ಕು, "ಇರ್ಲಿ ಬಿಡೇ, ನಾನಿಲ್ದಾಗ ನಿನ್ನ ಕಾಯ್ತಾ ಇರುತ್ತೆ" ಎಂದಿದ್ದರು. ಈಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಹರಳಿಗಿಂತ ಮೊದಲು ಅದೇ ಕಾಣುತ್ತದೆ, ಹಗ್ಗದಷ್ಟು ದಪ್ಪ, ತುದಿ ಬೆಳ್ಳಗೆ. ಪಕ್ಕದ ಕುರ್ಚಿಯಲ್ಲಿ ಅವರು ಉಸಿರಾಡುವುದು ಕೇಳಿಸುತ್ತದೆ. ತಿರುಗಿ ನೋಡಲು ಭಯ, ನೋಡದಿರಲೂ ಆಗುವುದಿಲ್ಲ. ಜೊತೆಗೆ ಕೆಲಸ ಮಾಡುವ ಫಾಯಿನಾ ನನ್ನ ಮುಖ ನೋಡಿ ಕುರ್ಚಿಯನ್ನೇ ಬೇರೆ ಕೋಣೆಗೆ ಸಾಗಿಸಿದಳು. ಉಸಿರು ಮಾತ್ರ ಅಲ್ಲೇ ಉಳಿಯಿತು.

ನಮ್ಮ ಕೆಲಸ ನಿನಗೆ ಗೊತ್ತಲ್ಲ. ಎಂದೋ ಸಿಡಿದ ನಕ್ಷತ್ರದಿಂದ ಹೊರಟ ಭಾರದ ಕಣ ಹರಳನ್ನು ಹೊಕ್ಕು, ಗೀರೆಳೆದು, ನಿಲ್ಲುತ್ತದೆ. ಗೀರು ಉದ್ದವಾದಷ್ಟೂ ಕಣ ಭಾರ. ಭಾರ ತಿಳಿದರೆ ಅದು ಎಂಥ ಸಿಡಿತದಲ್ಲಿ ಹುಟ್ಟಿತೆಂದು ಊಹಿಸಬಹುದು. ಅಳೆಯಬೇಕಾದರೆ ಪದರ ಪದರವಾಗಿ ಉಜ್ಜಿ, ಪ್ರತಿ ಸಲವೂ ಕುದಿಯುವ ಕ್ಷಾರದಲ್ಲಿ ಅದ್ದಿ ನೋಡಬೇಕು. ನೋಡಿದ ಪದರ ಪುಡಿಯಾಗಿ ಹೋಗುತ್ತದೆ. ನಿನ್ನಪ್ಪ ವರ್ಷಗಟ್ಟಲೆ ಹುಡುಕಿದ ಉದ್ದನೆಯ ಗೀರು ಈ ಹರಳಿನಲ್ಲೇ ಸಿಕ್ಕಿತು. ಯುರೇನಿಯಂ ಎಂದೇ ಅವರ ನಂಬಿಕೆ, ಆ ಖುಷಿಗೆ ಮನೆಯಲ್ಲಿ ಕುಣಿದಿದ್ದರು. ಆದರೆ ಗೀರಿನ ತುದಿ ಇನ್ನೂ ಕಂಡಿಲ್ಲ, ಅದಕ್ಕಾಗಿ ಇನ್ನೊಂದು ಪದರ ಉಜ್ಜಿದರೆ ಕೂದಲು ಹೊರಬಿದ್ದು ಕ್ಷಾರದಲ್ಲಿ ಕರಗಿಹೋಗುತ್ತದೆ. ಕೂದಲನ್ನು ಕೊರೆದು ತೆಗೆಯಹೋದರೆ ಹರಳು ಸೀಳುತ್ತದೆ. ಎರಡನ್ನೂ ಉಳಿಸುವ ದಾರಿ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಮ್ಮ ಮುಖ್ಯಸ್ಥ ಇಗ್ನಾತಿ ಸವ್ವಿಚ್ ಒಳ್ಳೆಯ ಮಾತಿನಲ್ಲೇ, "ಗುರುವಾರ ಉಜ್ಜಿಬಿಡಿ ಮಾರ್ಫಾ ಪೆತ್ರೋವ್ನಾ, ಅವನಿದ್ದಿದ್ರೆ ಅವನೇ ಉಜ್ತಿದ್ದ" ಎಂದರು. ಅದು ನಿಜವೇ. ಆ ಮನುಷ್ಯ ತನ್ನ ಬೆರಳು ಅಡ್ಡ ಬಂದಿದ್ದರೂ ಉಜ್ಜುತ್ತಿದ್ದರು.

ಗೆಳತಿಯರನ್ನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಕಾಯಲಿ. ದೇವರ ಹೆಸರೆತ್ತಿದ ಈ ಮಾತನ್ನು ಆಸ್ಪತ್ರೆಯಲ್ಲಿ ಯಾರಿಗೂ ಓದಿ ಹೇಳಬೇಡ.

ನಿನ್ನ
ಅಮ್ಮ

ಮರೆಯುವ ಮುಂಚೆ, ಬಸ್ಸಿಗೆ ಹೊತ್ತಾಯಿತು: ಗೀರು ಇಲ್ಲಿಗೇ ನಿಂತಿದೆ ಎಂದು ಗುರುವಾರ ಉಜ್ಜದೆಯೇ ಹೇಳಿಬಿಟ್ಟೆ. ಯುರೇನಿಯಂ ಅಲ್ಲ, ಸೀಸ ಎಂದು ಲೆಕ್ಕವಾಯಿತು. ಇಗ್ನಾತಿ ಸವ್ವಿಚ್ ನನ್ನ ಕಣ್ಣನ್ನು ನಂಬಿ, ಕೆಲಸ ಮುಗಿದ ಹರಳು ನಿಮಗೇ ಇರಲಿ ಎಂದು ಕೊಟ್ಟರು. ಗೀರು ನಿಂತಿಲ್ಲ ಲೀದಾ, ಇನ್ನೂ ಕೆಳಗಿಳಿಯುತ್ತಿದೆ. ಬೇಗ ಬಾ, ಕೂದಲನ್ನು ನಿನ್ನ ಕೈಯಾರೆ ಕೊರೆದು ತೆಗೆ. ಅವರ ಹರಳನ್ನು ಒಡೆಯುವುದು ನನ್ನಿಂದಾಗದು.