ವರದಿಯಲ್ಲಿಲ್ಲದ ಕೆರೆ

೧೪ ಮಾರ್ಚ್, ಭಾನುವಾರ

ಪುಟ್ಟಿಗೆ,

ಅಮ್ಮನ ಆಶೀರ್ವಾದ. ನೆಗಡಿ ಬಿಟ್ಟಿತೆ? ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಹಾಳೆ ಹರಿದು ಹಾಕುತ್ತಿದ್ದೆ. "ಫೋನ್ ಮಾಡಿ ಮಾತಾಡ್ಬಾರ್ದಾ?" ಎಂದರು ನಿಮ್ಮಪ್ಪ. ಫೋನಿನಲ್ಲಾದರೆ ಕಿರುಚಿಬಿಡುತ್ತೇನೆ, ಆರು ಸಾವಿರ ವರ್ಷದ ಹಿಂದಿನ ಮಳೆಯ ವಿಷಯ ಪಕ್ಕದ ಮನೆಯವರಿಗೆಲ್ಲ ಯಾಕೆ? ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಇಳಿದಿದೆ. ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದು ನನ್ನೆದುರು ಪ್ರದರ್ಶನ ಕೊಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಚೇರಿಯ ವರದಿ ಕೈಸೇರಿತು. ಹಳೆಯ ಕಾಲದ ಹವಾಮಾನದ ಜೊತೆ ನಿಮ್ಮ ಕಂಪ್ಯೂಟರ್ ಮಾದರಿಯನ್ನು ಹೋಲಿಸಿ ನೋಡಿದ ಅಧ್ಯಾಯವನ್ನೇ ಮೊದಲು ತೆಗೆದೆ. ಆಗಿಹೋದ ಮಳೆಯನ್ನು ಸರಿಯಾಗಿ ಹೇಳಿದರೆ ತಾನೆ ಬರಲಿರುವ ಮಳೆಯ ವಿಷಯದಲ್ಲಿ ಅದನ್ನು ನಂಬುವುದು? ನಿಮ್ಮ ನಕ್ಷೆಯಲ್ಲಿ ಎಲ್ಲ ಜಾಗವೂ ಚೆನ್ನಾಗಿ ಹೊಂದಿಕೊಂಡಿದೆ. ಹೊಂದದ ಜಾಗವೇ ನಕ್ಷೆಯಲ್ಲಿಲ್ಲ. ಮಣ್ಣು ಕೊರೆದು ನಾನು ಪತ್ತೆಹಚ್ಚಿದ, ಆರು ಸಾವಿರ ವರ್ಷದ ಹಿಂದಿನ ನನ್ನ ಕೆರೆಯೇ ಇಲ್ಲ! "ಒಂದು ಸ್ಥಳದ ಪುರಾವೆ ಅನುಮಾನಾಸ್ಪದವಾದ್ದರಿಂದ ಕೈಬಿಡಲಾಗಿದೆ" ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲು. ಕೊನೆಯಲ್ಲಿ ನಿನ್ನ ಸಹಿ.

ತಪ್ಪು ಉತ್ತರ ಬರೆದ ಹಾಳೆಯನ್ನು ಹರಿದು ಬಿಸಾಕಿ, ಉಳಿದದ್ದಕ್ಕೆ ನೂರಕ್ಕೆ ನೂರು ಹಾಕಿಕೊಂಡರೆ ಅದನ್ನು ಪಾಸು ಅನ್ನುತ್ತಾರೇನೇ?

ಹೋದ ತಿಂಗಳು ನೀವೇ ನನ್ನನ್ನು ಸಭೆಗೆ ಕರೆಸಿದಿರಿ. ಊರಾಚೆಯ ಒಣಬಯಲಿನಲ್ಲಿ ಕೊಳವೆ ಇಳಿಸಿ ತೆಗೆದ ಮಣ್ಣನ್ನು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ, ಪದರ ಪದರವಾಗಿ ತೋರಿಸಿದೆ. ಜೊಂಡಿನ ಪರಾಗ, ಕೆಸರು, ಕಪ್ಪೆಚಿಪ್ಪು, ಎಲ್ಲ ನಿಂತ ನೀರಿನ ಗುರುತು. ನಿಮ್ಮ ಮುಖ್ಯಸ್ಥರು ಗಡಿಯಾರ ನೋಡುತ್ತಲೇ, "ಮೇಡಂ, ನಮ್ಮ ಮಾಡೆಲ್ ಪ್ರಕಾರ ಆಗ ಅಲ್ಲಿದ್ದಿದ್ದು ಬರೀ ಒಣನೆಲ. ಈ ಚಿಪ್ಪೆಲ್ಲ ಯಾವುದೋ ಹೊಳೆ ಹೊತ್ಕೊಂಡು ಬಂದಿರುತ್ತೆ" ಎಂದರು.

"ಹೊಳೆ ತಂದಿದ್ರೆ ಎರಡು ಹೋಳೂ ಬೇರೆ ಬೇರೆ ಆಗಿರ್ತಿದ್ವು ಸಾರ್. ನೋಡಿ, ಬಾಯಿ ಮುಚ್ಕೊಂಡು ಜೋಡಿಯಾಗೇ ಇದೆ. ಬದುಕಿದ ಜಾಗದಲ್ಲೇ ಸತ್ತಿದೆ" ಎಂದೆ. ಅವರು ಕತ್ತೆತ್ತಲಿಲ್ಲ. ಆ ಕಾಲದ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡು ನೆಲವನ್ನು ಮಾತ್ರ ಈಗಿನಂತೆ ಬೋಳಾಗಿಯೇ ಬಿಟ್ಟಿದ್ದೀರಿ, ಹುಲ್ಲು ಮರ ಹಾಕಿ ಮಾದರಿಯನ್ನು ಇನ್ನೊಮ್ಮೆ ಓಡಿಸಿ ನೋಡಿ, ಹಸಿರಿದ್ದರೆ ಮಳೆಯೂ ಹೆಚ್ಚಬಹುದು ಎಂದೆ. "ಅದಕ್ಕೆಲ್ಲ ಟೈಮಿಲ್ಲ ಮೇಡಂ." ಮುಗಿಯಿತು! ನೀನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದೆ. ಆ ಹುಲ್ಲಿನ ಮಾತನ್ನು ಮೊದಲು ಆಡಿದವಳು ನೀನೇ ಅಲ್ಲವೇ, ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ?

ಆ ಬಯಲಿನಲ್ಲಿ ಈಗ ಮಕ್ಕಳ ಆಸ್ಪತ್ರೆ ಏಳುತ್ತಿದೆ. ಔಷಧಿಯ ದಾಸ್ತಾನು, ಜನರೇಟರು ಎಲ್ಲ ನೆಲಮಾಳಿಗೆಯಲ್ಲಂತೆ. ಗುರುವಾರ ಹೋಗಿದ್ದೆ. ಅಲ್ಲಿನ ಇಂಜಿನಿಯರಮ್ಮ ನಿಮ್ಮ ವರದಿಯನ್ನೇ ಬಿಡಿಸಿ ತೋರಿಸಿದಳು. "ಮುಂದೆ ಮಳೆ ಜಾಸ್ತಿ ಆಗಲ್ಲ, ಇಲ್ಲಿ ನೀರು ನಿಲ್ಲಲ್ಲ ಅಂತ ಇದೆಯಲ್ಲ ಮೇಡಂ. ಸಹಿ ನಿಮ್ಮ ಮಗಳದ್ದೇ ಅಲ್ವಾ?"

ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಹೌದು, ನನ್ನ ಮಗಳದ್ದೇ. ತಪ್ಪು ಮಾಡಿದ್ದಾಳೆ" ಎಂದೆ. ಅಗೆದ ಗುಂಡಿಯ ಗೋಡೆಯಲ್ಲಿ ಕಪ್ಪು ಕೆಸರಿನ ಪದರ ಎದ್ದು ಕಾಣುತ್ತಿತ್ತು. ಇಳಿದು, ಬೆರಳಿನಿಂದ ಕೆದಕಿ, ಒಂದು ಚಿಪ್ಪನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು. "ಬರೀ ಬಾಯಿಮಾತಿಗೆ ಕೆಲಸ ನಿಲ್ಲಿಸೋಕಾಗಲ್ಲ ಮೇಡಂ. ಬರೆದು ಕೊಡ್ತೀರಾ?"

ಬರೆದುಕೊಟ್ಟೆ. ನಿನ್ನ ಸಹಿಯ ವರದಿಯ ವಿರುದ್ಧ, ನನ್ನ ಸಹಿ ಹಾಕಿ. ಆ ಕೆರೆ ಮತ್ತೆ ತುಂಬಿಯೇ ತುಂಬುತ್ತದೆಂದು ನಾನು ಬರೆಯಲಿಲ್ಲ. ತುಂಬುವುದಿಲ್ಲವೆಂದು ಹೇಳುವ ಯೋಗ್ಯತೆ ನಿಮ್ಮ ಮಾದರಿಗೆ ಇನ್ನೂ ಬಂದಿಲ್ಲ ಎಂದು ಬರೆದೆ. ನೆಲಮಾಳಿಗೆಯ ಕೆಲಸ ಸದ್ಯಕ್ಕೆ ನಿಂತಿದೆ.

ಮರುದಿನವೇ ನಿಮ್ಮ ಮುಖ್ಯಸ್ಥರ ಫೋನು. "ಮನೆ ಜಗಳನ ಬೀದಿಗೆ ತಂದ್ರಲ್ಲ ಮೇಡಂ! ಮಗಳ ಕೆಲಸದ ಗತಿ ಏನು ಅಂತ ಯೋಚ್ನೆ ಮಾಡಿದ್ರಾ?"

"ಮಾಡಿದೆ. ಆ ಆಸ್ಪತ್ರೇಲಿ ಮಲಗೋ ಮಕ್ಕಳ ಗತೀನೂ ಯೋಚ್ನೆ ಮಾಡಿದೆ" ಎಂದು ಫೋನ್ ಇಟ್ಟುಬಿಟ್ಟೆ.

ನಿನ್ನ ಕೆಲಸಕ್ಕೆ ಕುತ್ತು ಬಂದರೂ ಬರಬಹುದು. ಗೊತ್ತಿದ್ದೇ ಮಾಡಿದ್ದೇನೆ. ಅದಕ್ಕೆ ನನ್ನಿಂದ ಕ್ಷಮೆ ನಿರೀಕ್ಷಿಸಬೇಡ. ನೆಲಕ್ಕೆ ಹುಲ್ಲು ಹಾಕಿ ಮಾದರಿಯನ್ನು ಮತ್ತೆ ಓಡಿಸು. ಆಗಲೂ ಹೊಂದದಿದ್ದರೆ, ಹೊಂದಲಿಲ್ಲ ಎಂದೇ ಅಚ್ಚು ಹಾಕಿಸು. ತಪ್ಪು ನನ್ನದೇ ಆಗಿದ್ದರೆ ನನ್ನ ಮುಖಕ್ಕೆ ಹೇಳು, ತಿದ್ದಿಕೊಳ್ಳುತ್ತೇನೆ. ಸಣ್ಣ ಅಕ್ಷರದಲ್ಲಿ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟೇ ಸಿಟ್ಟಿದ್ದರೂ ನಿನಗೆ ಒಳ್ಳೆಯದಾಗಲಿ ಎಂದೇ ಬಾಯಿಗೆ ಬರುತ್ತದೆ, ಏನು ಮಾಡಲಿ? ಆಯುಸ್ಸು ಆರೋಗ್ಯದ ಜೊತೆಗೆ ಬೆನ್ನೆಲುಬೂ ಗಟ್ಟಿಯಾಗಲಿ.

ನಿನ್ನ
ಅಮ್ಮ

ತಾ.ಕ.: ಅವತ್ತು ಸಭೆ ಮುಗಿದ ಮೇಲೆ ಕನ್ನಡಕ ಮರೆತು ವಾಪಸು ಬಂದಿದ್ದೆ. ಬಾಗಿಲು ಅರ್ಧ ತೆರೆದಿತ್ತು. "ನಿಮ್ಮಮ್ಮ ಇಷ್ಟಕ್ಕೆ ಬಿಡೋ ಹಾಗೆ ಕಾಣಲ್ಲ" ಎಂದರು ನಿಮ್ಮ ಮುಖ್ಯಸ್ಥರು. ನೀನು, "ಸುಮ್ನೆ ಹೂಂ ಅಂತಿರಿ ಸಾರ್, ಸಾಕು. ಮನೇಲಿ ನಾವೂ ಹಾಗೇ ಮಾಡೋದು" ಎಂದೆ. ಎಲ್ಲರೂ ನಕ್ಕರು. ಕನ್ನಡಕ ತೆಗೆದುಕೊಳ್ಳದೆಯೇ ಮೆಟ್ಟಿಲಿಳಿದೆ. ಚಿಕ್ಕಂದಿನಿಂದ ನನ್ನ ಮಣ್ಣಿನ ಕಥೆಗಳಿಗೆಲ್ಲ ಹೂಂಗುಟ್ಟುತ್ತ ಬಂದೆಯಲ್ಲ ಪುಟ್ಟಿ, ಕೇಳಿಸಿಕೊಳ್ಳುತ್ತಿದ್ದೀಯ ಎಂದುಕೊಂಡು ನಾನು ಹೇಳುತ್ತಲೇ ಹೋದೆ.